ಡೆನ್ನಾನ ಅಂದ್ರೆ ಈಗಲೂ ಮೈ ಜುಮ್ ಅನ್ನುತ್ತೆ

ಉಡುಪಿ, ಕಾಪು, ಕಾರ್ಕಳದ ಕಡೆ ನಲವತ್ತು ದಾಟಿದ ಯಾರ ಎದುರಾದರೂ ‘ಡೆನ್ನಾನ’ ಅಂತ ಸ್ವಲ್ಪ ಗುನುಗಿ ನೋಡಿ ವೀಕ್ಷಕರೇ. ಮೊದಲು ನಗ್ತಾರೆ. ಆಮೇಲೆ ಹೇಳ್ತಾರೆ: “ಗುಡ್ಡದ ಭೂತ ಅಲ್ವಾ ಮಾರಾಯ್ರೆ!”

ಅದು 1990. ಕನ್ನಡದಲ್ಲಿ ಖಾಸಗಿ ಚಾನೆಲ್ ಒಂದೂ ಇಲ್ಲ, ಇದ್ದದ್ದು ದೂರದರ್ಶನ ಮಾತ್ರ. ಉಡುಪಿ ಆಗಿನ್ನೂ ಜಿಲ್ಲೆಯಲ್ಲ, ದಕ್ಷಿಣ ಕನ್ನಡದ ಭಾಗ. ಜಿಲ್ಲೆಯಾಗಿದ್ದು 1997ರಲ್ಲಿ. ಮೂಲ್ಕಿಯಲ್ಲಿ ಹುಟ್ಟಿ, ಮುಂಬೈಯ ರಂಗಭೂಮಿಯಲ್ಲಿ ಬೆಳೆದ ಸದಾನಂದ ಸುವರ್ಣರು ತಮ್ಮ ತುಳು ನಾಟಕವನ್ನೇ ಕನ್ನಡ ಧಾರಾವಾಹಿ ಮಾಡಿದರು. ಪ್ರಕಾಶ್ ರೈ ಅದರಲ್ಲಿದ್ದರು. ಇಂದು ಇಡೀ ದೇಶಕ್ಕೆ ಗೊತ್ತಿರುವ ಆ ನಟ ಆಗಿನ್ನೂ ಹೊಸ ಮುಖ.

ನಾನಾಗ ಮಾತು ಕಲಿಯುತ್ತಿದ್ದ ಮಗು. ಹಾಗಾಗಿ ಧಾರಾವಾಹಿಗಿಂತ ಮೊದಲು ನನಗೆ ಸಿಕ್ಕಿದ್ದು ಅದರ ಹೆದರಿಕೆ. ಕಾಪುವಿನ ಅಜ್ಜಿಮನೆಯಲ್ಲಿ ಬಚ್ಚಲು ಹೊರಗಡೆ. ರಾತ್ರಿ ಒಬ್ಬನೇ ಹೋಗಲಿಕ್ಕುಂಟು ಅಂದ್ರೆ ಸಾಕು, ದೊಡ್ಡಮ್ಮನ ಮಗಳು ಅಕ್ಕ ಕಿಟಕಿಯಿಂದ ಮೆಲ್ಲ ಆ ರಾಗ ಶುರು ಮಾಡುತ್ತಿದ್ದಳು. ನಾನು ಚೊಂಬು ಬಿಟ್ಟು ಓಟ!

ಕಾರ್ಕಳದವರ ಕಥೆ ಇನ್ನೂ ಮಜಾ. ಟಿವಿಯ ಅಲೆಗಳು ಹೆಚ್ಚುಕಮ್ಮಿ ನೇರವಾಗಿ ಹೋಗುವಂಥವು. ಮಧ್ಯೆ ಗುಡ್ಡ ಬಂದರೆ ಚಿತ್ರದ ತುಂಬಾ ಚುಕ್ಕಿ. ಅಲ್ಲಿಯೋ ಎಲ್ಲಿ ನೋಡಿದರೂ ಬಂಡೆ, ಗುಡ್ಡ. ಒಬ್ಬರು ಮಾಡಿನ ಮೇಲೆ ಆಂಟೆನಾ ತಿರುಗಿಸಬೇಕು, ಇನ್ನೊಬ್ಬರು ಕೆಳಗಿನಿಂದ “ಈಗ ಸರಿ ಉಂಟು” ಅಂತ ಕೂಗಬೇಕು. ಗುಡ್ಡದ ಭೂತವನ್ನು ನೋಡಲು ಗುಡ್ಡವೇ ಬಿಡುತ್ತಿರಲಿಲ್ಲ! ಆದರೆ ಮಸುಕಾದ ಚಿತ್ರದಲ್ಲಿ ಹೆದರಿಕೆ ಇನ್ನೂ ಜಾಸ್ತಿ. ಕಾಣದ್ದನ್ನು ಮನಸ್ಸು ತುಂಬಿಸಿಕೊಳ್ಳುತ್ತೆ. ಉಳಿದದ್ದನ್ನು ಕಿವಿ ನೋಡಿಕೊಳ್ಳುತ್ತಿತ್ತು. ಡೆನ್ನಾನ ಹೊಸದಾಗಿ ಹುಟ್ಟಿದ ಪದವಲ್ಲ, ನಾಟಿ ಮಾಡುವಾಗ ಹೆಂಗಸರು ಹಾಡುವ ತುಳು ಪಾಡ್ದನಗಳ ಸೊಲ್ಲು ಅದು. ಹಗಲು ಗದ್ದೆಯಲ್ಲಿ ಕೇಳಿದ್ದೇ ರಾತ್ರಿ ಟಿವಿಯಲ್ಲಿ ಬಂದರೆ ಹೇಗಿರಬೇಡ?

ನಾನು ಅದನ್ನು ಪೂರ್ತಿ ನೋಡಿದ್ದು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವಾಗ, ಹಾಸ್ಟೆಲಿನ ಕಂಪ್ಯೂಟರ್‌ನಲ್ಲಿ. ಪಕ್ಕದಲ್ಲಿ ಕೂತಿದ್ದ ದಾವಣಗೆರೆಯ ಗೆಳೆಯ ಕೇಳಿದ: “ಏನಲೇ, ನಿಮ್ಮೂರಾಗೆ ಭೂತಕ್ಕೂ ಕೈ ಮುಗಿತಾರಾ?” ಹೌದು, ಮುಗಿತೇವೆ. ಅವನ ಊರಲ್ಲಿ ಭೂತ ಅಂದ್ರೆ ದೆವ್ವ. ನಮ್ಮಲ್ಲಿ ಪಂಜುರ್ಲಿ, ಜುಮಾದಿ, ಗುಳಿಗ. ಊರನ್ನು ಕಾಯುವ, ನೇಮದಲ್ಲಿ ನುಡಿ ಕೊಡುವ, ನ್ಯಾಯ ಹೇಳುವ ದೈವ. ‘ಗುಡ್ಡದ ಭೂತ’ ಅನ್ನುವ ಹೆಸರು ಇಡೀ ಕರ್ನಾಟಕವನ್ನು ಹೆದರಿಸಿತು. ಕರಾವಳಿಯವರಿಗೆ ಮಾತ್ರ ಹೆದರಿಕೆಯ ಜೊತೆ ಭಕ್ತಿಯೂ ಇತ್ತು. ‘ಕಾಂತಾರ’ ಬಂದಮೇಲೆ, ಅಂದರೆ 2022ರ ನಂತರ, ಈ ವ್ಯತ್ಯಾಸ ಎಲ್ಲರಿಗೂ ಗೊತ್ತಾಗಿದೆ. 1990ರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಕೊನೆಯಲ್ಲಿ ಏನಾಗುತ್ತೆ ಅಂತ ನಾನು ಹೇಳಲ್ಲ. ನೋಡದವರ ಖುಷಿ ಯಾಕೆ ಕಸಿಯಬೇಕು? ಆದರೆ ಒಂದು ಮಾತು. ಇವತ್ತು ಟಿವಿಯಲ್ಲಿ ಹೆದರಿಕೆಗೆ ಬರವಿಲ್ಲ. ಗ್ರಹಣ ಬಂದರೆ ಹೆದರಿಕೆ, ಪಾಳುಮನೆಯ ಸಿಸಿಟಿವಿಯಲ್ಲಿ ನೆರಳು ಕಂಡರೆ ಹೆದರಿಕೆ. ಅರ್ಧ ಗಂಟೆ ಹೆದರಿಸಿ, ಉತ್ತರ ಕೊಡದೆ ಬ್ರೇಕ್‌ಗೆ ಹೋಗುವುದು ಸುಲಭ. ಸುವರ್ಣರ ಕ್ರಮ ಬೇರೆ. ಅವರ ಹೆದರಿಕೆಯಲ್ಲಿ ಒಂದು ಊರಿತ್ತು, ಅಲ್ಲಿನ ಜನ, ಅವರ ಮಾತು ಇತ್ತು. ನೋಡುವವರನ್ನು ಯೋಚನೆಗೂ ಹಚ್ಚುತ್ತಿತ್ತು. ‘ಘಟಶ್ರಾದ್ಧ’ ನಿರ್ಮಿಸಿ ಸ್ವರ್ಣಕಮಲ ತಂದವರು, ತೇಜಸ್ವಿಯವರ ಕಥೆಯಿಂದ ‘ಕುಬಿ ಮತ್ತು ಇಯಾಲ’ ಸಿನಿಮಾ ನಿರ್ದೇಶಿಸಿದವರು ಅವರು. ನೋಡುಗರನ್ನು ದಡ್ಡರು ಅಂತ ಅಂದುಕೊಳ್ಳಲಿಲ್ಲ.

2015ರಲ್ಲಿ ಅನೂಪ್ ಭಂಡಾರಿಯವರ ‘ರಂಗಿತರಂಗ’ದಲ್ಲಿ ಡೆನ್ನಾನ ಮತ್ತೆ ಕೇಳಿತು. ಹೊಸ ಹುಡುಗರು ಅದು ಸಿನಿಮಾದ್ದೇ ಅಂದುಕೊಂಡರು. ಅವರ ತಪ್ಪಲ್ಲ, ಹೇಳಬೇಕಾದವರು ಹೇಳಿಲ್ಲ. ಸುವರ್ಣರು 2024ರ ಜುಲೈನಲ್ಲಿ ತೀರಿಕೊಂಡರು. ಅವರ ಧಾರಾವಾಹಿಯನ್ನು ದೂರದರ್ಶನ ಒಳ್ಳೆಯ ಪ್ರತಿಯಲ್ಲಿ ಮತ್ತೊಮ್ಮೆ ತೋರಿಸಲಿ, ರಾತ್ರಿ ಹೊತ್ತಿಗೇ ತೋರಿಸಲಿ. ಅಜ್ಜ ಅಜ್ಜಿಯರ ಪಕ್ಕ ಮಕ್ಕಳು ಕೂರಲಿ. ಲೈಟ್ ಆಫ್ ಮಾಡುವುದು ಮಾತ್ರ ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.