ಮೊಲೊಕಾಯ್ ದ್ವೀಪದ ಫಾದರ್ ಡೇಮಿಯನ್: ‘ನಾವು’ ಎಂದ ಮನುಷ್ಯ

ವಿನಯವನ್ನು ತೆರೆಯ ಮೇಲೆ ತೋರಿಸುವುದು ನಮ್ಮಂಥ ಕಾರ್ಯಕ್ರಮ ನಿರ್ಮಾಪಕರಿಗೆ ಕಷ್ಟದ ಕೆಲಸ. ಜೋಡಿಸಿದ ಕೈ, ಬಾಗಿದ ತಲೆ, ಮೆಲುದನಿ ಇವನ್ನೆಲ್ಲ ಕ್ಯಾಮೆರಾ ಬೇಗ ಹಿಡಿಯುತ್ತದೆ. ಆದರೆ ಅದು ವಿನಯದ ಹೊರರೂಪ ಮಾತ್ರ. ಯೋಹಾನನ ಸುವಾರ್ತೆಯಲ್ಲಿ ಯೇಸುಸ್ವಾಮಿ ಕೊನೆಯ ಭೋಜನದ ವೇಳೆ ಶಿಷ್ಯರ ಕಾಲು ತೊಳೆಯುತ್ತಾರೆ. ಆಳು ಮಾಡುವ ಕೆಲಸವನ್ನು ಗುರುವೇ ಮಾಡಿದ ಪ್ರಸಂಗವದು. ಕ್ರೈಸ್ತ ಬಾಳಿನಲ್ಲಿ ವಿನಯವೂ ಪ್ರೀತಿಯೂ ಬೇರೆ ಬೇರೆಯಲ್ಲ ಎಂಬುದನ್ನು ಇದು ಹೇಳುತ್ತದೆ. ಈ ಪಾಠವನ್ನು ಒಬ್ಬ ಮನುಷ್ಯ ಬದುಕಿ ತೋರಿಸಿದ ಬಗೆಯನ್ನು ಹವಾಯಿ ದ್ವೀಪಗಳ ಚರಿತ್ರೆಯಲ್ಲಿ ಕಾಣಬಹುದು.

1865ರಲ್ಲಿ ಹವಾಯಿ ರಾಜ್ಯವು ಕುಷ್ಠರೋಗ ಹರಡದಂತೆ ತಡೆಯಲು ಒಂದು ಕಾನೂನು ತಂದಿತು. ಮರುವರ್ಷದಿಂದ ರೋಗಿಗಳನ್ನು ಮೊಲೊಕಾಯ್ ದ್ವೀಪದ ಉತ್ತರ ತೀರಕ್ಕೆ ಸಾಗಿಸತೊಡಗಿದರು. ಮೂರು ಕಡೆ ಕಡಲು, ಹಿಂದೆ ಗೋಡೆಯಂಥ ಬೆಟ್ಟ. 1969ರಲ್ಲಿ ಈ ಪದ್ಧತಿ ನಿಲ್ಲುವವರೆಗೆ ಸುಮಾರು 8,000 ಜನ ಮನೆಮಂದಿಯನ್ನು ಅಗಲಿ ಅಲ್ಲಿಗೆ ಹೋದರು.

ಬೆಲ್ಜಿಯಂನ ಟ್ರೆಮೆಲೊ ಎಂಬ ಹಳ್ಳಿಯಲ್ಲಿ 1840ರಲ್ಲಿ ಹುಟ್ಟಿದ ರೈತನ ಮಗ ಡೇಮಿಯನ್. 1864ರಲ್ಲಿ ಹೊನೊಲುಲುವಿಗೆ ಬಂದು ಅಲ್ಲೇ ಗುರುದೀಕ್ಷೆ ಪಡೆದರು. ರೋಗಿಗಳ ನಡುವೆ ಹೋಗಿರಲು ಬಿಷಪ್ಪರು ಯಾರಿಗೂ ಆಜ್ಞೆ ಮಾಡಲಿಲ್ಲ. ಸರದಿಯ ಮೇಲೆ ಹೋಗಲು ನಾಲ್ವರು ಪಾದ್ರಿಗಳು ತಾವಾಗಿ ಮುಂದೆ ಬಂದರು. 1873ರ ಮೇ 10ರಂದು ಮೊದಲಿಗೆ ಹೋದ ಡೇಮಿಯನ್ ಅಲ್ಲೇ ನೆಲೆಸಿಬಿಟ್ಟರು. ಅದೇ ವರ್ಷ ನಾರ್ವೆಯ ಬರ್ಗೆನ್ ನಗರದಲ್ಲಿ ವೈದ್ಯ ಹ್ಯಾನ್ಸನ್ ಈ ರೋಗಕ್ಕೆ ಕಾರಣವಾದ ಕಡ್ಡಿಯಾಕಾರದ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಕುಷ್ಠ ಪಾಪದ ಫಲವಲ್ಲ, ಒಂದು ಸೋಂಕು ಎಂಬ ಅರಿವಿಗೆ ದಾರಿಯಾಯಿತು. ಮದ್ದು ಮಾತ್ರ ಇನ್ನೂ ಬಹುದೂರವಿತ್ತು.

ಡೇಮಿಯನ್ ಹುಣ್ಣು ತೊಳೆದು ಪಟ್ಟಿ ಕಟ್ಟಿದರು. ಮನೆ ಕಟ್ಟಿದರು, ಕೊಳವೆಯಲ್ಲಿ ನೀರು ತರಿಸಿದರು, ಶವಪೆಟ್ಟಿಗೆ ಮಾಡಿ ಗುಂಡಿ ತೋಡಿದರು. ಆ ಮೊದಲ ವರ್ಷವೇ ಅವರ ಮೇಲಧಿಕಾರಿ ಪಾದ್ರಿಯೊಬ್ಬರು ಹಡಗಿನಲ್ಲಿ ಬಂದರು. ಅವರಿಗೆ ಇಳಿಯಲು ಅಪ್ಪಣೆಯಿಲ್ಲ, ಡೇಮಿಯನ್ನರಿಗೆ ಹತ್ತಲು ಅಪ್ಪಣೆಯಿಲ್ಲ. ದೋಣಿಯಲ್ಲಿ ನಿಂತುಕೊಂಡೇ ಅವರು ಎಲ್ಲರೆದುರು ಫ್ರೆಂಚ್ ಭಾಷೆಯಲ್ಲಿ ಗಟ್ಟಿಯಾಗಿ ತಮ್ಮ ಪಾಪನಿವೇದನೆ ಮಾಡಿದರು. ಗುಟ್ಟಿನಲ್ಲಿ ನಡೆಯಬೇಕಾದ ಮಾತನ್ನು ಕಡಲ ಮೇಲೆ ಕೂಗಿ ಹೇಳುವುದಕ್ಕೆ ಎಷ್ಟು ಮನೋಬಲ ಬೇಕು!

ಉಪದೇಶ ಮಾಡುವಾಗ ರೋಗಿಗಳಲ್ಲಿ ತಾವೂ ಒಬ್ಬರೆಂಬಂತೆ ‘ನಾವು’ ಎನ್ನುತ್ತೇನೆಂದು ಅವರು ಅಣ್ಣನಿಗೆ ಬರೆದಿದ್ದರು. ಆಗ ಅವರಲ್ಲಿ ರೋಗದ ಲಕ್ಷಣವೇ ಇರಲಿಲ್ಲ. ಹವಾಯಿ ಭಾಷೆಯಲ್ಲಿ ಎರಡು ಬಗೆಯ ‘ನಾವು’ ಇದೆ: ಕೇಳುವವರನ್ನು ಸೇರಿಸಿಕೊಂಡದ್ದು ಒಂದು, ಬಿಟ್ಟದ್ದು ಇನ್ನೊಂದು. ನಮ್ಮ ತುಳುವಿನ ‘ನಮ’ ಮತ್ತು ‘ಎಂಕುಲು’ ಇದ್ದ ಹಾಗೆ. ಉಪಕಾರ ಮಾಡುವವರು ಸಾಮಾನ್ಯವಾಗಿ ಎರಡನೆಯದರಲ್ಲೇ ನಿಲ್ಲುತ್ತಾರೆ. ಡೇಮಿಯನ್ ಆ ಗೆರೆಯನ್ನು ದಾಟಿದರು. ಒಂದೇ ಬೋಗುಣಿಯಿಂದ ಅವರೊಡನೆ ಉಂಡರು. 1884ರ ಡಿಸೆಂಬರಿನಲ್ಲಿ ಒಂದು ದಿನ ಕುದಿಯುವಷ್ಟು ಬಿಸಿಯಾದ ನೀರಿಗೆ ಕಾಲಿಟ್ಟಾಗ ಚರ್ಮ ಸುಟ್ಟಿತು, ನೋವು ಮಾತ್ರ ತಿಳಿಯಲಿಲ್ಲ. ರೋಗ ನರಗಳಿಗೆ ತಗುಲಿತ್ತು.

ವಿಜ್ಞಾನ ಓದಿದ ನನಗೆ ಇಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಎಚ್ಚರಿಕೆ ಬಿಡುವುದೇ ತ್ಯಾಗವೇ? ಅಲ್ಲ. 1888ರಲ್ಲಿ ಅಲ್ಲಿಗೆ ಬಂದ ಸಿಸ್ಟರ್ ಮೇರಿಯಾನ್ ಕೋಪ್ ಶುಚಿತ್ವದ ಕಟ್ಟುನಿಟ್ಟಿನಿಂದ ಸೇವೆ ನಡೆಸಿದರು. ಅವರ ಜೊತೆಯ ಸನ್ಯಾಸಿನಿಯರಲ್ಲಿ ಯಾರಿಗೂ ರೋಗ ತಗುಲಲಿಲ್ಲ. ಪ್ರೀತಿಯ ಅಳತೆಗೋಲು ಸೋಂಕಲ್ಲ, ಜೊತೆಗಿರುವುದು.

ಡೇಮಿಯನ್ ಮೃದು ಸ್ವಭಾವದವರಲ್ಲ. ಹಟಮಾರಿ, ಮುಂಗೋಪಿ, ಮೇಲಿನವರಿಗೆ ತಲೆನೋವು. 1889ರ ಏಪ್ರಿಲ್ 15ರಂದು 49ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಹೊನೊಲುಲುವಿನ ಪ್ರಾಟೆಸ್ಟಂಟ್ ಪಾದ್ರಿ ಹೈಡ್ ಅವರನ್ನು ಒರಟ, ಕೊಳಕ ಎಂದು ಹಳಿದು ಬರೆದರು. ಆ ಊರನ್ನು ಕಣ್ಣಾರೆ ಕಂಡಿದ್ದ ಸಾಹಿತಿ ಸ್ಟೀವನ್‌ಸನ್ 1890ರಲ್ಲಿ ಬಹಿರಂಗ ಪತ್ರದಲ್ಲಿ ಉತ್ತರ ಕೊಟ್ಟರು. ತಪ್ಪುಗಳನ್ನು ಮುಚ್ಚಿಡದೆ, ಬೇರೆಯವರು ಹೋಗದ ಕಡೆಗೆ ಹೋದವರು ಇವರೇ ಎಂಬುದನ್ನು ಎತ್ತಿ ಹಿಡಿದರು. 2009ರಲ್ಲಿ ಡೇಮಿಯನ್ನರನ್ನೂ 2012ರಲ್ಲಿ ಮೇರಿಯಾನ್ನರನ್ನೂ ಕ್ಯಾಥೊಲಿಕ್ ಸಭೆ ಸಂತರೆಂದು ಸಾರಿತು.

ಕುಷ್ಠಕ್ಕೆ ಇಂದು ಮದ್ದಿದೆ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಅದು ಪೂರ್ತಿ ವಾಸಿಯಾಗುತ್ತದೆ. ಆದರೂ ವಾಸಿಯಾದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿಂಜರಿಯುವ ಮನೆಗಳು ಇನ್ನೂ ಇವೆ. ಅಲ್ಲಿ ಬೇಕಾದದ್ದು ಔಷಧಿಯಲ್ಲ, ಅವರನ್ನೂ ಸೇರಿಸಿಕೊಂಡು ‘ನಾವು’ ಎನ್ನುವ ಮನಸ್ಸು.