ಆಟದ ಬಯಲಿಗೆ ಹೋದ ಅಳ್ಳಿನ ಉಂಡಿ

ಪಂಚಮಿಗೆ ಜೋಳದ ಅಳ್ಳು ಹುರಿದ ಕೈಗೆ ಪಾಪ್‌ಕಾರ್ನ್ ಏನೂ ಹೊಸಾದಲ್ಲ. ನಮ್ಮದು ಜೋಳದ ಅಳ್ಳು, ಅಮೆರಿಕಾದವರದು ಗೋವಿನಜೋಳದ ಅಳ್ಳು, ಅಷ್ಟ ಫರಕು. ಕಾಳಿನೊಳಗ ನೂರಕ್ಕ ಸುಮಾರು 14 ಪಾಲು ತೇವ ಇರ್ತದ. 180 ಡಿಗ್ರಿ ಆಸುಪಾಸಿನ ಕಾವಿಗೆ ಅದು ಉಗಿಯಾಗಿ, ಗಟ್ಟಿ ಸಿಪ್ಪಿ ಒಡದು ಕಾಳು ಅರಳತದ. ಈಗ ಮ್ಯಾಚ್ ಇದ್ದ ದಿನ ಮಕ್ಕಳು ಚೆಂಡಿನಂಥಾ ಪಾಪ್‌ಕಾರ್ನ್ ಉಂಡಿ ಬೇಕಂತಾವ. ಈ ಉಂಡಿಗೂ ಆಟಕ್ಕೂ ನಂಟು ಹೆಂಗ ಬೆಳೀತು, ಕೇಳ್ರಿ.

ಮೊದಲ ಇದು ಆಟದ ತಿನಿಸಲ್ಲ, ಹಬ್ಬದ ತಿನಿಸು. 19ನೇ ಶತಮಾನದೊಳಗ ಅಮೆರಿಕಾದ ಮನಿಗಳೊಳಗ ಕ್ರಿಸ್ಮಸ್ಸಿಗೆ ಪಾಪ್‌ಕಾರ್ನಿಗೆ ಕಾಕಂಬಿ ಪಾಕ ಹಾಕಿ ಉಂಡಿ ಕಟ್ಟತಿದ್ದರು. ಹಬ್ಬದ ಗಿಡಕ್ಕ ಪಾಪ್‌ಕಾರ್ನ್ ಸರಾನೂ ಪೋಣಿಸಿ ಹಾಕತಿದ್ದರು.

1871ರಾಗ ಶಿಕಾಗೋ ಊರಿಗೆ ದೊಡ್ಡ ಬೆಂಕಿ ಬಿತ್ತು. ಅದಾದ ಮ್ಯಾಲ ಜರ್ಮನಿಯಿಂದ ಬಂದಿದ್ದ ಫ್ರೆಡರಿಕ್ ರ್ಯೂಕ್‌ಹೈಮ್ ಅನ್ನಾಂವ ಅಲ್ಲಿ ಪಾಪ್‌ಕಾರ್ನ್ ಮಾರಾಕ ಕುಂತ. ತಮ್ಮ ಲೂಯಿಸ್‌ನೂ ಕೂಡಿಕೊಂಡ. ಪಾಪ್‌ಕಾರ್ನ್, ಶೇಂಗಾ, ಕಾಕಂಬಿ ಕೂಡಿಸಿ ಮಾಡಿದರ ರುಚಿ ಛಲೋ ಇತ್ತು, ಆದರ ಒಂದಕ್ಕೊಂದು ಅಂಟಿ ಗಡ್ಡಿ ಆಗತಿತ್ತು. ಪಾಕ ಮಾಡಿದವರಿಗೆಲ್ಲ ಗೊತ್ತಿರೋ ತಾಪತ್ರಯ ಇದು. ಬಿಡಿಬಿಡಿಯಾಗಿ ಉಳಿಯೋ ಹದ ಲೂಯಿಸ್ ಕಂಡುಹಿಡದ. 1896ರಾಗ ಅದಕ್ಕ ‘ಕ್ರ್ಯಾಕರ್ ಜ್ಯಾಕ್’ ಅಂತ ಹೆಸರಾತು. 1912ರಿಂದ ಡಬ್ಬಿಯೊಳಗ ಮಕ್ಕಳಿಗೊಂದು ಆಟಿಗಿ ಸಾಮಾನೂ ಇಡಾಕ ಹತ್ತಿದರು.

ಬೇಸ್‌ಬಾಲ್ ಆಟದ ಜೋಡಿ ಇದರ ಹೆಸರು ಗಟ್ಟಿಯಾಗಿ ಅಂಟಿದ್ದು ಒಂದು ಹಾಡಿನಿಂದ. 1908ರಾಗ ಜ್ಯಾಕ್ ನಾರ್ವರ್ತ್ ಬರದ ‘ಟೇಕ್ ಮಿ ಔಟ್ ಟು ದ ಬಾಲ್ ಗೇಮ್’ ಹಾಡಿನೊಳಗ ಶೇಂಗಾದ ಜೋಡಿ ಕ್ರ್ಯಾಕರ್ ಜ್ಯಾಕ್ ಹೆಸರು ಬರ್ತದ. ಪುಕ್ಕಟ ಜಾಹೀರಾತು! ಆದರ ಆ ಹಾಡು ನಿಜವಾಗಿ ಒಬ್ಬ ಹುಡುಗಿದು. ಕೇಟಿ ಕೇಸಿ ಅಂತ ಆಕಿ ಹೆಸರು, ಬೇಸ್‌ಬಾಲ್ ಹುಚ್ಚು ಭಾಳ. ಮೆಚ್ಚಿದ ಹುಡುಗ ನಾಟಕಕ್ಕ ಕರಕೊಂಡು ಹೊಂಟರ, ಬ್ಯಾಡ, ಆಟಕ್ಕ ಕರಕೊಂಡು ಹೋಗು ಅಂತಾಳ. ಅಲ್ಲಿ ಕುಂತು ಅಂಪೈರಗೂ ತಪ್ಪು ತೋರಸ್ತಾಳ. ಅಮೆರಿಕಾದಾಗ ಹೆಣ್ಣುಮಕ್ಕಳಿಗೆ ದೇಶದ ತುಂಬ ಓಟಿನ ಹಕ್ಕು ಸಿಕ್ಕಿದ್ದು 1920ರಾಗ. ಹಾಡು ಅದಕ್ಕಿಂತ 12 ವರ್ಷ ಮೊದಲಿಂದು. ಇವತ್ತ ಮೈದಾನದೊಳಗ ಜನ ಎದ್ದು ನಿಂತು ಹಾಡೋದು ಪಲ್ಲವಿ ಅಷ್ಟ. ಕೇಟಿ ಇರೋದು ನುಡಿಯೊಳಗ. ತಿನಿಸಿನ ಹೆಸರು ಉಳೀತು, ಹುಡುಗಿ ಹೆಸರು ಬಿದ್ದುಹೋತು.

ಕಂಪನಿಯವರು ಆಟ ಆಡೋ ಹೆಣ್ಣುಮಕ್ಕಳ ಚಿತ್ರ ಹಾಕಿ ‘ಕ್ರ್ಯಾಕರ್ ಜಿಲ್’ ಅಂತ ಪಾಕೀಟು ತಂದದ್ದು 2022ರಾಗ. ಜ್ಯಾಕ್ ಹೆಸರಾಗಿ 126 ವರ್ಷ ಆದ ಮ್ಯಾಲ!

ನಮ್ಮ ಪಂಚಮಿ ಈ ವಿಷಯದಾಗ ಶ್ಯಾಣ್ಯಾ ಹಬ್ಬ. ಉಂಡಿ ಕಟ್ಟಿದಾಕೀನ ಜೋಕಾಲಿನೂ ಜೀಕತಾಳ. ಮ್ಯಾಚಿನ ದಿನಾನೂ ಹಂಗ ಆಗಲಿ. ಕಾಲು ಬಟ್ಟಲ ಕಾಳು ಅರಳಿಸಿ, ಅರಳದ ಕಾಳು ಆರಿಸಿ ತಗೀರಿ. ಮುಕ್ಕಾಲು ಬಟ್ಟಲ ಬೆಲ್ಲಕ್ಕ ಎರಡು ಚಮಚೆ ನೀರು, ಒಂದು ಚಮಚೆ ತುಪ್ಪ ಹಾಕಿ ಕುದಸ್ರಿ. ತಣ್ಣೀರಿಗೆ ಒಂದು ಹನಿ ಬಿಟ್ಟರ ಗಟ್ಟಿ ಗುಂಡು ಆಗಬೇಕು. ಅಳ್ಳು ಕಲಿಸಿ, ಕೈ ತಾಳುವಷ್ಟು ಆರಿದ ಮ್ಯಾಲ ತುಪ್ಪದ ಕೈಯಿಂದ ಉಂಡಿ ಕಟ್ರಿ. ಬಿಸಿ ಪಾಕದ ಹತ್ತರ ಮಕ್ಕಳು ಬ್ಯಾಡ. ನಡುವ ಬಿಳಿ ಎಳ್ಳು ಸಾಲಾಗಿ ಒತ್ತಿದರ ಕ್ರಿಕೆಟ್ ಚೆಂಡಿನ ಹೊಲಿಗಿ ಆತು.

ಮುಂಜಾನೇನ ಮಾಡಿ ಡಬ್ಬಿಗೆ ಹಾಕಿ ಇಡ್ರಿ. ಟಾಸ್ ಆಗೂದರೊಳಗ ನೀವೂ ಟಿವಿ ಮುಂದ ಕುಂತಿರಬೇಕು.