ಹೇಳಿ ಮಾಡಿಸಿದ ಚಿತ್ರಗಳು

ಕೃಷ್ಣೆ ತುಂಗಭದ್ರೆಯರ ನಡುವಣ ಎರೆನೆಲದಲ್ಲಿ, ದೇವದುರ್ಗದ ಸೀಮೆಗೆ ಸೇರಿದ ಅರಕೇರಾದಂಥ ಊರೊಂದರ ಚಲಚ್ಚಿತ್ರದ ಇತಿಹಾಸವನ್ನು ಬರೆಯಹೊರಟವನು, ಅಲ್ಲಿ ಯಾವ ಚಿತ್ರ ತಯಾರಾಯಿತು, ಯಾವ ನಿರ್ದೇಶಕ ಹುಟ್ಟಿದನು ಎಂಬ ಪ್ರಶ್ನೆಗಳನ್ನು ಹಿಡಿದು ಹೊರಟರೆ ಹೆಚ್ಚು ದೂರ ಸಾಗಲಾರನು. ಅದರ ಬದಲು, ಅಲ್ಲಿಯ ಜನ ಯಾವ ಚಿತ್ರಗಳನ್ನು ನೋಡಿದರು, ಅವನ್ನು ಯಾರು ತಂದು ತೋರಿಸಿದರು, ಯಾರ ಹಣದಿಂದ, ಯಾರ ಅಪ್ಪಣೆಯಿಂದ ಎಂದು ಕೇಳಿದರೆ ಮಾತ್ರ ಬರೆಯುವುದಕ್ಕೆ ಸಾಕಷ್ಟು ಸಾಮಗ್ರಿ ದೊರೆಯುತ್ತದೆ. ಬೆಂಗಳೂರು ಮೈಸೂರುಗಳ ಚಿತ್ರಚರಿತ್ರೆ ಕರ್ತೃಗಳ ಚರಿತ್ರೆಯಾದರೆ, ರಾಯಚೂರು ಸೀಮೆಯದು ಬಹುಮಟ್ಟಿಗೆ ಪ್ರೇಕ್ಷಕರ ಚರಿತ್ರೆ. ಕಿರುಚಿತ್ರದ ವಿಷಯದಲ್ಲಂತೂ ಇಲ್ಲಿ ನೋಡುವವನು ಮೊದಲು ಬಂದನು, ಮಾಡುವವನು ಬಹಳ ತಡವಾಗಿ ಬಂದನು.

ಬೆಳಕಿನ ಮುಂದೆ ನೆರಳನ್ನು ಆಡಿಸುವ ಕಲೆ ಈ ಪ್ರಾಂತಕ್ಕೆ ಹೊಸದಾಗಿರಲಿಲ್ಲ. ಕಿಳ್ಳೇಕ್ಯಾತರು ತೊಗಲುಗೊಂಬೆಗಳನ್ನು ಹೊತ್ತು ಊರೂರು ತಿರುಗುತ್ತ, ಬಿಳಿಯ ಪರದೆಯ ಹಿಂದೆ ದೀಪವಿರಿಸಿ ರಾಮಾಯಣ ಭಾರತಗಳನ್ನು ಆಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಊರ ಹಿರಿಯರೇ ಅವರನ್ನು ಕರೆಯಿಸಿ, ಕಾಳುಕಡಿ ಕೊಟ್ಟು ಆಟವಾಡಿಸುವ ವಾಡಿಕೆಯೂ ಇದ್ದಿತು. ಕಲೆಗಾರನಿಗೆ ಹೇಳಿ ಮಾಡಿಸುವವನೊಬ್ಬನಿದ್ದನು, ನೋಡಲು ಇಡೀ ಊರು ಕುಳಿತಿರುತ್ತಿತ್ತು, ಆಟದ ಪ್ರಯೋಜನವೇನೆಂಬುದೂ ಎಲ್ಲರಿಗೂ ತಿಳಿದಿದ್ದಿತು. ಮುಂದೆ ಬಂದ ಯಂತ್ರದ ಚಿತ್ರಕ್ಕೆ ಈ ಮೂರೂ ಒಟ್ಟಿಗೆ ದೊರೆತದ್ದು ಅಪರೂಪ.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಸಂಧಿಸಿದ ಮೇಲೆ ಆ ಪಟ್ಟಣವು ಎರಡು ಮಹಾನಗರಗಳ ನಡುವಣ ಹೆಬ್ಬಾಗಿಲಾಯಿತು. ದೇವದುರ್ಗಕ್ಕೆ ರೈಲು ಬರಲಿಲ್ಲವಾದ್ದರಿಂದ, ಚಿತ್ರದ ಡಬ್ಬಿಗಳು ಆ ಕಡೆಯ ಹಳ್ಳಿಗಳಿಗೆ ಹೋಗಬೇಕಾದರೆ ರಸ್ತೆಯನ್ನೇ ನೆಚ್ಚಬೇಕಾಗಿತ್ತು. ಟೂರಿಂಗ್ ಟಾಕೀಸಿನ ಡೇರೆಯನ್ನೂ, ನೆಲ, ಬೆಂಚು, ಕುರ್ಚಿ ಎಂಬ ಅದರ ವರ್ಣಾಶ್ರಮವನ್ನೂ ವರ್ಣಿಸಿದವರು ಬಹುಮಂದಿ ಇರುವುದರಿಂದ ನಾನು ಅದನ್ನು ಮತ್ತೆ ವರ್ಣಿಸುವುದಿಲ್ಲ. ನಮಗೆ ಬೇಕಾದುದು ಆ ಡೇರೆಯಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ತೆರೆಯ ಮೇಲೆ ಬೀಳುತ್ತಿದ್ದ, ಯಾರೂ ಕೇಳದಿದ್ದ ಹತ್ತಿಪ್ಪತ್ತು ನಿಮಿಷಗಳ ಚಿತ್ರ.

1948ರಲ್ಲಿ ಭಾರತ ಸರಕಾರವು ಇಂಥ ಚಿತ್ರಗಳ ತಯಾರಿಕೆಗೆಂದು ಫಿಲ್ಮ್ಸ್ ಡಿವಿಜನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ರಾಯಚೂರು ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಹೊಂದಿದುದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಸರಕಾರ ಒಪ್ಪಿದ ಸಾಕ್ಷ್ಯಚಿತ್ರವನ್ನೋ ವಾರ್ತಾಚಿತ್ರವನ್ನೋ ಪ್ರತಿ ಆಟದಲ್ಲಿಯೂ ತೋರಿಸತಕ್ಕದ್ದೆಂಬುದು ಚಿತ್ರಮಂದಿರದ ಲೈಸೆನ್ಸಿಗೇ ಕಟ್ಟಿದ ಷರತ್ತು. ತೋರಿಸಿದ್ದಕ್ಕೆ ಮಾಲಿಕನೇ ಬಾಡಿಗೆಯನ್ನೂ ತೆರಬೇಕಾಗಿತ್ತು. ಜಗತ್ತಿನ ಯಾವ ಕಿರುಚಿತ್ರಕಾರನಿಗೂ ಇಂಥ ನಿಶ್ಚಿತ ಪ್ರೇಕ್ಷಕವರ್ಗ ದೊರೆತಿರಲಾರದು, ಇಂಥ ಉದಾಸೀನ ಪ್ರೇಕ್ಷಕವರ್ಗವೂ ದೊರೆತಿರಲಾರದು; ಏಕೆಂದರೆ ಅಣೆಕಟ್ಟು, ಸಿಡುಬು, ಸುಧಾರಿಸಿದ ಬಿತ್ತನೆ ಬೀಜಗಳ ವೃತ್ತಾಂತ ಮುಗಿಯುವವರೆಗೆ ಬೀಡಿ ಸೇದುತ್ತ ಹೊರಗೆ ನಿಂತಿರುವುದು ನೆಲದ ಗಿರಾಕಿಯ ಅಲಿಖಿತ ಹಕ್ಕಾಗಿತ್ತು. ಮೊದಮೊದಲು ಈ ಚಿತ್ರಗಳ ನಿರೂಪಣೆ ಇಂಗ್ಲಿಷ್, ಹಿಂದಿ, ಬಂಗಾಳಿ, ತಮಿಳು, ತೆಲುಗುಗಳಲ್ಲಿ ಮಾತ್ರ ಇದ್ದು, ಕನ್ನಡದ ಸರದಿ ಅನಂತರ ಬಂದಿತೆಂಬುದನ್ನು ನೆನೆದರೆ, ಬೀಡಿ ಸೇದಲು ಹೊರಗೆ ಹೋದವನನ್ನು ನಾನಂತೂ ದೂಷಿಸಲಾರೆ. ಈ ಷರತ್ತನ್ನು 1999ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು; ಅಷ್ಟರಲ್ಲಿ ಡೇರೆಗಳೇ ಕಿತ್ತುಹೋಗುತ್ತಿದ್ದುವು.

ಡೇರೆಯೂ ಹೋಗದ ಹಳ್ಳಿಗಳಿಗೆ ಪ್ರಚಾರದ ಗಾಡಿ ಹೋಯಿತು. ಪಂಚವಾರ್ಷಿಕ ಯೋಜನೆಗಳನ್ನು ಜನಕ್ಕೆ ತಿಳಿಸುವುದಕ್ಕೆಂದು 1953ರಲ್ಲಿ ಆರಂಭವಾದ ಕೇಂದ್ರದ ಕ್ಷೇತ್ರಪ್ರಚಾರ ಘಟಕಗಳೂ, ಮುಂದೆ ರಾಜ್ಯದ ವಾರ್ತಾ ಇಲಾಖೆಯೂ, ಹದಿನಾರು ಮಿಲಿಮೀಟರಿನ ಯಂತ್ರವನ್ನೂ ಬಿಳಿಯ ಪರದೆಯನ್ನೂ ಗಾಡಿಯಲ್ಲಿ ಹೇರಿಕೊಂಡು ಶಾಲೆಯ ಬಯಲಿಗೋ ಗುಡಿಯ ಮುಂದಣ ಅಂಗಳಕ್ಕೋ ಬಂದಿಳಿಯುತ್ತಿದ್ದುವು. ಟಿಕೇಟಿಲ್ಲದ ಆ ಆಟಕ್ಕೆ ಹೆಂಗಸರು ಮಕ್ಕಳು ಸಹಿತ ಊರೇ ನೆರೆಯುತ್ತಿತ್ತು. ಸರಕಾರೀ ಚಿತ್ರ ಮುಗಿದ ಮೇಲೆ ಕಥಾಚಿತ್ರದ ಒಂದೆರಡು ರೀಲುಗಳನ್ನಾದರೂ ತೋರಿಸುವರೆಂಬ ಆಸೆ ಜನರನ್ನು ಕದಲದಂತೆ ಕೂಡಿಸುತ್ತಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ಇಷ್ಟರ ಮೇಲೆ ಬಂದುದು ಈ ಇತಿಹಾಸದ ಅತ್ಯಂತ ವಿಚಿತ್ರವಾದ ಅಧ್ಯಾಯ. ಬೆಂಗಳೂರಿನ ಶ್ರೀಮಂತನ ಮನೆಯಲ್ಲಿಯೂ ಟೆಲಿವಿಷನ್ ಇಲ್ಲದಿದ್ದ ಕಾಲದಲ್ಲಿ ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳು ಆಕಾಶದಿಂದ ನೇರವಾಗಿ ಚಿತ್ರಗಳನ್ನು ಪಡೆದುವು. ವಿಕ್ರಮ ಸಾರಾಭಾಯಿಯವರು ಕಂಡಿದ್ದ ಕನಸನ್ನು ಅವರ ಮರಣಾನಂತರ ಇಸ್ರೋ ಸಂಸ್ಥೆಯೂ ಅಮೆರಿಕದ ನಾಸಾ ಸಂಸ್ಥೆಯೂ ಕೂಡಿ ಕೈಗೊಂಡ ಪ್ರಯೋಗ ಅದು. ‘ಸೈಟ್’ ಎಂಬ ಮೊಟಕು ಹೆಸರಿನಿಂದ ಪ್ರಸಿದ್ಧವಾಗಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸರಿಯಾಗಿ ಒಂದು ವರ್ಷ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ಶಾಲೆಯ ಮೇಲೋ ಪಂಚಾಯತಿಯ ಕಟ್ಟಡದ ಬಳಿಯೋ, ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಹೆಣೆದ ಹತ್ತಡಿ ಅಗಲದ ಬಾಣಲೆಯೊಂದು ಮುಗಿಲಿಗೆ ಮುಖಮಾಡಿ ನಿಂತಿತು. ಬೆಳಗ್ಗೆ ಒಂದೂವರೆ ಗಂಟೆಯ ಕಾರ್ಯಕ್ರಮ ಶಾಲೆಯ ಮಕ್ಕಳಿಗೆ. ಸಂಜೆ ಎರಡೂವರೆ ಗಂಟೆ, ಭಾಷೆಗಳ ನಡುವೆ ಹಂಚಿಕೆಯಾಗಿ, ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬಯೋಜನೆ, ನಡುನಡುವೆ ಹಾಡು ಕುಣಿತ ನಾಟಕ. ಉಪಗ್ರಹದಿಂದ ಇಳಿಯುತ್ತಿದ್ದ ಒಂದು ಚಿತ್ರಕ್ಕೆ ಎರಡು ಧ್ವನಿಮಾರ್ಗಗಳಿದ್ದುದರಿಂದ, ಒಂದೇ ದೃಶ್ಯವನ್ನು ಎರಡು ಭಾಷೆಗಳಲ್ಲಿ ಕೇಳಿಸುವುದೂ ಶಕ್ಯವಾಗಿತ್ತು.

ಈ ಚಿತ್ರಗಳನ್ನು ಮಾಡಿಸಿದವರು ಯಾರೆಂದು ನೋಡಿದರೆ ಇತಿಹಾಸದ ವ್ಯಂಗ್ಯವೊಂದು ಗೋಚರಿಸುತ್ತದೆ. ಕನ್ನಡ ಕಾರ್ಯಕ್ರಮಗಳ ತಯಾರಿಕೆಯ ಕೇಂದ್ರ ಕರ್ನಾಟಕದೊಳಗೆ ಇರಲೇ ಇಲ್ಲ. ತೆಲುಗು ಮತ್ತು ಕನ್ನಡ ಎರಡಕ್ಕೂ ಒಂದೇ ಕೇಂದ್ರವೆಂದು ಹೈದರಾಬಾದಿನಲ್ಲಿ ಸ್ಥಾಪಿತವಾಗಿತ್ತು. 1956ರ ನವೆಂಬರಿನಲ್ಲಿ ಹೈದರಾಬಾದನ್ನು ತೊರೆದು ಕನ್ನಡ ರಾಜ್ಯವನ್ನು ಸೇರಿದ ರಾಯಚೂರಿನ ರೈತನು, ಹತ್ತೊಂಬತ್ತು ವರ್ಷಗಳ ತರುವಾಯ ತನ್ನ ಜೋಳದ ಹೊಲಕ್ಕೆ ಯಾವ ಗೊಬ್ಬರ ಹಾಕಬೇಕೆಂಬುದನ್ನು, ಇಪ್ಪತ್ತೆರಡು ಸಾವಿರ ಮೈಲಿ ಮೇಲಕ್ಕೇರಿ ಇಳಿದ ಕನ್ನಡದಲ್ಲಿ, ಮತ್ತೆ ಹೈದರಾಬಾದಿನ ಬಾಯಿಂದಲೇ ಕೇಳಬೇಕಾಯಿತು! ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿದ್ದ ವರ್ಷವೂ ಅದೇ ಆಗಿದ್ದುದರಿಂದ, ಪೆಟ್ಟಿಗೆಯಿಂದ ಹೊರಡುತ್ತಿದ್ದ ಮಾತಿಗೆ ಮರುಮಾತು ಕಳುಹಿಸುವ ದಾರಿ ಮತ್ತಷ್ಟು ಕಿರಿದಾಗಿದ್ದಿತು.

ಆದರೂ ಆ ವರ್ಷವನ್ನು ಬರಿಯ ಪ್ರಚಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮೊದಲ ವಾರಗಳ ಜಾತ್ರೆ ಕರಗಿದ ಮೇಲೆಯೂ ಸಂಜೆಯ ಹೊತ್ತು ಜನ ಬಂದು ಕೂಡುತ್ತಲೇ ಇದ್ದರು. ನೋಡಿದವರಿಗೆ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬುದನ್ನು ಹಳ್ಳಿಗಳಲ್ಲಿಯೇ ಬೀಡುಬಿಟ್ಟ ಸಂಶೋಧಕರು ಕೇಳಿ ಬರೆದುಕೊಂಡರು. ಕಿರುಚಿತ್ರವೊಂದನ್ನು ತೋರಿಸಿದ ಮೇಲೆ ಹಳ್ಳಿಯವನ ಅಭಿಪ್ರಾಯವನ್ನು ವಿಧಿವತ್ತಾಗಿ ಕೇಳುವ ಕೆಲಸ ಅಷ್ಟು ದೊಡ್ಡ ಪ್ರಮಾಣದಲ್ಲಿ ಅದಕ್ಕೂ ಹಿಂದೆ ನಮ್ಮಲ್ಲಿ ನಡೆದಿರಲಿಲ್ಲ. ವರ್ಷ ತುಂಬಿತು, ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಸರಿಸಿಕೊಂಡರು, ತಂತಿಬಾಣಲೆಗಳು ನಿರುಪಯೋಗಿಯಾದುವು. ಆ ಪ್ರಯೋಗದ ಮುಂದುವರಿಕೆಯೆಂದು 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನದ ಪ್ರಸಾರ ತೊಡಗಿತು. ಬೆಂಗಳೂರು ತನ್ನ ಸರದಿಗಾಗಿ 1981ರವರೆಗೆ ಕಾದಿತು. ಹಿಂದುಳಿದವೆಂದು ಹೆಸರಾದ ಜಿಲ್ಲೆಗಳು ರಾಜಧಾನಿಗಿಂತ ಮುಂದಿದ್ದ ಪ್ರಸಂಗಗಳು ಹೆಚ್ಚಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇದೇ ಕಾಲದಲ್ಲಿ ಕನ್ನಡದ ಮತ್ತೊಂದು ಕಿರುಚಿತ್ರಧಾರೆ ಬೇರೆ ದಿಕ್ಕಿನಲ್ಲಿ ಹರಿಯುತ್ತಿದ್ದಿತು. ಎನ್. ಲಕ್ಷ್ಮೀನಾರಾಯಣರು ‘ನಾಂದಿ’ಗೆ (1964) ಮೊದಲೇ ‘ಬ್ಲಿಸ್’ ಎಂಬ ಕಿರುಚಿತ್ರ ಮಾಡಿದ್ದರು. ಗಿರೀಶ ಕಾಸರವಳ್ಳಿಯವರು ಪುಣೆಯ ಚಲಚ್ಚಿತ್ರ ಸಂಸ್ಥೆಯ ವಿದ್ಯಾರ್ಥಿಯಾಗಿ ಮಾಡಿದ ‘ಅವಶೇಷ್’ ರಾಷ್ಟ್ರಪತಿಗಳ ರಜತಕಮಲವನ್ನು ಪಡೆಯಿತು. ಇವು ಕರ್ತೃವಿನ ಹೆಸರಿದ್ದ, ಕರ್ತೃವಿನ ಮನಸ್ಸಿದ್ದ ಚಿತ್ರಗಳು. ಆದರೆ ಇಂಥವನ್ನು ನೋಡಿದವರು ಉತ್ಸವಗಳ ಪ್ರತಿನಿಧಿಗಳು, 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳ ಸದಸ್ಯರು. ಅರಕೇರಾಕ್ಕೆ ಹೋದ ಚಿತ್ರಕ್ಕೆ ಕರ್ತೃವಿನ ಹೆಸರಿರಲಿಲ್ಲ, ಹೆಸರಿದ್ದ ಚಿತ್ರಕ್ಕೆ ಅರಕೇರಾದ ದಾರಿ ಗೊತ್ತಿರಲಿಲ್ಲ. ಅಪ್ಪಣೆಯ ಬೆನ್ನಿಗೆ ಪ್ರೇಕ್ಷಕರು ಬಂದರು, ಸ್ವಾತಂತ್ರ್ಯದ ಬೆನ್ನಿಗೆ ಬರಲಿಲ್ಲ. ನಮ್ಮ ಕಿರುಚಿತ್ರದ ಕಷ್ಟವೆಲ್ಲ ಅಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಈ ಎರಡು ದಡಗಳನ್ನು ಕೂಡಿಸಲು ಮನಸ್ಸುಮಾಡಿದವರು ಕೆ. ವಿ. ಸುಬ್ಬಣ್ಣನವರು. ಅವರ ನೇತೃತ್ವದ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಕೆಲವು ವರ್ಷಗಳಲ್ಲಿಯೇ ಜಗತ್ತಿನ ಶ್ರೇಷ್ಠ ಚಿತ್ರಗಳ ಉತ್ಸವವನ್ನು ಅಡಕೆ ತೋಟಗಳ ನಡುವೆ ನಡೆಯಿಸಿತು. 1980ರ ದಶಕದ ಆದಿಯಲ್ಲಿ ‘ಜನಸ್ಪಂದನ’ ಯೋಜನೆಯ ಮೂಲಕ ನಾಟಕವನ್ನೂ ಚಿತ್ರವನ್ನೂ ಹೊತ್ತು ನಾಡಿನ ಇತರ ಹಳ್ಳಿಗಳಿಗೂ ಹೋಯಿತು. ಹಳ್ಳಿಯವನಿಗೆ ತಿಳಿಯುವುದಿಲ್ಲವೆಂಬ ನೆವದಿಂದ ಅವನಿಗೆ ಗೊಬ್ಬರದ ಚಿತ್ರವನ್ನಷ್ಟೇ ತೋರಿಸುತ್ತಿದ್ದ ಪದ್ಧತಿಗೆ ಇದಕ್ಕಿಂತ ಸರಿಯಾದ ಉತ್ತರ ಬೇರೆ ಬರಲಿಲ್ಲ.

ಈಚಿನ ಸಂಗತಿಯನ್ನು ಬೇಗ ಹೇಳಿಬಿಡಬಹುದು. ಕ್ಯಾಮರಾ ಅಗ್ಗವಾಯಿತು, ಅನಂತರ ಮೊಬೈಲಿನೊಳಗೇ ಅಡಗಿತು. 2010ರಲ್ಲಿ ಬೆಂಗಳೂರಿನಲ್ಲಿ ಕಿರುಚಿತ್ರಗಳಿಗೆಂದೇ ಅಂತರರಾಷ್ಟ್ರೀಯ ಉತ್ಸವವೊಂದು ಹುಟ್ಟಿತು. 2022ರಲ್ಲಿ ಫಿಲ್ಮ್ಸ್ ಡಿವಿಜನ್ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದೊಳಗೆ ವಿಲೀನವಾಯಿತು. 2024ರಲ್ಲಿ ಮೈಸೂರಿನ ಚಿದಾನಂದ ನಾಯಕರು, ಕೋಳಿಯನ್ನು ಕದ್ದೊಯ್ದ ಮುದುಕಿಯಿಂದಾಗಿ ಊರಿಗೆ ಬೆಳಗೇ ಆಗದ ಜನಪದ ಕಥೆಯನ್ನೆತ್ತಿಕೊಂಡು ಮಾಡಿದ ಹದಿನಾರು ನಿಮಿಷಗಳ ಕನ್ನಡ ಚಿತ್ರ, ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನವನ್ನು ಪಡೆಯಿತು. ಅದು ಪುಣೆಯ ಸಂಸ್ಥೆಯ ಟೆಲಿವಿಷನ್ ವಿಭಾಗದಲ್ಲಿ ಒಂದು ವರ್ಷದ ಶಿಕ್ಷಣ ಮುಗಿಸುವಾಗ ಮಾಡಬೇಕಾದ ಅಭ್ಯಾಸಚಿತ್ರ. ಚಿತ್ರೀಕರಣಕ್ಕೆ ಇದ್ದುದು ನಾಲ್ಕೇ ದಿನ.

ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಇಂದು ಕಿರುಚಿತ್ರ ಮಾಡಲು ಹೊರಡುವ ತರುಣನಿಗೂ ಯಾರದಾದರೂ ಅಪ್ಪಣೆ ತಪ್ಪಿದ್ದಲ್ಲ. ಮದುವೆ, ಜಾತ್ರೆ, ಇಲಾಖೆಯ ಜಾಗೃತಿಚಿತ್ರ ಎಂಬ ಹೇಳಿ ಮಾಡಿಸಿದ ಕೆಲಸಗಳಿಂದ ಹೊಟ್ಟೆ ಹೊರೆದು, ಉಳಿದ ದುಡ್ಡು ಉಳಿದ ದಿನಗಳಲ್ಲಿ ತನ್ನ ಮನಸ್ಸಿನ ಚಿತ್ರವನ್ನು ಮಾಡಬೇಕು. ಅದನ್ನು ಜಾಲತಾಣಕ್ಕೇರಿಸಿದರೆ ಕೇಳುವವರಿಲ್ಲ. ಊರ ಬಯಲಿನಲ್ಲಿ ಪರದೆ ಕಟ್ಟಿ ಹತ್ತು ಜನರಿಗೆ ಬಹಿರಂಗವಾಗಿ ತೋರಿಸಹೊರಟರೆ ಮಾತ್ರ 1952ರ ಚಲಚ್ಚಿತ್ರ ಕಾಯಿದೆ ಪ್ರಮಾಣಪತ್ರವನ್ನು ಕೇಳುತ್ತದೆ.